ಬಿಳಿ ದ್ರಾಕ್ಷಿಯ ತೋಟದಲ್ಲಿ ಏಳು ಕೆಂಪು ಬಳ್ಳಿ

ಸಂಕ್ರಾಂತಿಗೆ ಇನ್ನು ಮೂರು ದಿನವಿತ್ತು. ತಿಳವಳ್ಳಿಯ ಮನೆಯಲ್ಲಿ ಮಹಾದೇವಕ್ಕ ಶೇಂಗಾ ಹುರಿಯುತ್ತಿದ್ದಾಗ ಫೋನು ಬಂತು. ಅತ್ತ ಕಡೆ ಬಂಕಾಪುರದ ಪರಮೇಶ್ವರಪ್ಪ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಆತನದು ನಾಲ್ಕು ಎಕರೆ ದ್ರಾಕ್ಷಿ ತೋಟ. ವೈನ್ ಕಂಪನಿಯೊಂದರ ಜೊತೆ ಕರಾರು ಮಾಡಿಕೊಂಡು ಹಚ್ಚಿದ ಬಿಳಿ ದ್ರಾಕ್ಷಿ. ಅಲ್ಲಿಯ ಒಂದೊಂದು ಬಳ್ಳಿಗೂ ಕಸಿ ಕಟ್ಟಿದವಳು ಮಹಾದೇವಕ್ಕ. ಇದು ಆ ತೋಟದ ಮೊದಲ ಫಸಲು.

“ಮಾದೇವಕ್ಕ, ಬಿಳೇದು ಕಟ್ಟಬೇ ಅಂದ್ರ ಕರೇದು ಕಟ್ಟೀರಲ್ಲ! ಪಡುವಣ ಅಂಚಿಗೆ ಏಳು ಬಳ್ಳಿ ಕೆಂಪಗ ತಿರಗ್ಯಾವ. ಕಂಪನಿ ಸಾಹೇಬ ಬಂದು ಫೋಟೋ ಹೊಡಕೊಂಡು ಹೋದ.”

“ಏಳ ಅದಾವೇನ್ರಿ?”

“ಏಳು ಸಾಲವಲ್ವೇನು ನಿನಗ? ಇದು ಆ ಗುಲ್ನಾರಂದ ಕೆಲಸ. ಕಡ್ಡಿಕಟ್ಟು ಆಕಿ ಕೈಯಾಗ ಇರ್ತಿತ್ತಲ್ಲ? ಎಲ್ಲೋ ಬೆರಕಿ ಮಾಡ್ಯಾಳ. ಇನ್ನ ಮ್ಯಾಲೆ ತ್ವಾಟದಾಗ ಕಾಲಿಡಬ್ಯಾಡ ಅಂತ ಹೇಳಿ ಕಳಿಸೇನಿ. ನೀ ಬಾ, ಬಂದು ನೋಡು.”

ಬೇರೆ ಯಾರಾದರೂ ಆಗಿದ್ದರೆ ಅದು ಹೇಗೆ ಕೆಂಪಾಯಿತು ಎಂದು ಕೇಳುತ್ತಿದ್ದರು. ಮಹಾದೇವಕ್ಕ ಕೇಳಿದ್ದು ಎಷ್ಟು ಎಂದು. ಪರಮೇಶ್ವರಪ್ಪನಿಗೆ ಅದು ಹೊಳೆಯಲಿಲ್ಲ. ಆಕೆ ಕಟ್ಟಿದ್ದು ಒಂಬತ್ತು, ಎರಡು ಹಿಡಿದಿರಲಿಲ್ಲ. ಏಳು ಸರಿಯಾಗಿತ್ತು.

ಕಸಿ ಕಟ್ಟುವಾಗ ಜೊತೆಗೆ ಕೂತು ಕೈಜೋಡಿಸುವ ಗುಲ್ನಾರ ಏನನ್ನೂ ಬೆರೆಸಿರಲಿಲ್ಲ. ಆ ಕಡ್ಡಿಗಳನ್ನು ಆಕೆ ಮುಟ್ಟಿಯೂ ಇರಲಿಲ್ಲ. ಬುಟ್ಟಿಯಷ್ಟು ಶೇಂಗಾ ತಳ ಹತ್ತಿ ಹೊಗೆ ಎದ್ದ ಮೇಲೆಯೇ ಮಹಾದೇವಕ್ಕ ಒಲೆ ಆರಿಸಿದ್ದು.

ಆಕೆಗೆ ಐವತ್ನಾಲ್ಕು ವರ್ಷ. ಕಸಿಯ ಚಾಕು ಹಿಡಿದದ್ದು ಹನ್ನೊಂದರಲ್ಲಿ. ಅಪ್ಪ ಹನುಮಂತಪ್ಪ ಹಾನಗಲ್ಲಿನ ಸುತ್ತಮುತ್ತ ಮಾವಿನ ತೋಟಗಳಿಗೆ ಕಸಿ ಕಟ್ಟುತ್ತಿದ್ದ. ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೆ ಕಲಿಸಿದ ಎಂದು ಊರವರು ಹೇಳುತ್ತಾರೆ. ಮಹಾದೇವಕ್ಕ ಹೇಳುವುದು ಬೇರೆ: “ನಮ್ಮಪ್ಪಗ ಕಣ್ಣು ಮಂಜಾಗಿದ್ವು. ಚಾಕು ಅವಂದು, ಕಣ್ಣು ನಂದು.” ಇವತ್ತಿಗೂ ಹಾನಗಲ್ಲಿನ ಸಸಿ ಮಾರುವವರು ಆಕೆ ಕಟ್ಟಿದ ಗಿಡವನ್ನು ಎರಡನೆಯ ಸಲ ತಿರುಗಿಸಿ ನೋಡುವುದಿಲ್ಲ.

ಅಪ್ಪ ಕಲಿಸಿದ್ದರಲ್ಲಿ ಬಾಯಿಬಿಟ್ಟು ಹೇಳದ ಪಾಠವೂ ಒಂದಿತ್ತು. ಆ ಕಡೆ ಆಪುಸ ಮಾವೇ ಹೆಚ್ಚು. ಬರೀ ಆಪುಸನ್ನೇ ಹಚ್ಚಿದ ತೋಟ ಮೈತುಂಬ ಹೂವು ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ನಡುವೆ ಬೇರೆ ಜಾತಿಯ ಗಿಡವಿದ್ದು, ನೊಣ ಹಾರಿ ಅದರ ಹೂವಿನ ಧೂಳು ಇದರ ಹೂವಿಗೆ ಮುಟ್ಟಿಸಿದರೆ ಫಸಲು ಕೈಗೆ ಹತ್ತುತ್ತದೆ. ಆದರೆ ತೋಟದ ಮಾಲೀಕ ಒಪ್ಪಬೇಕಲ್ಲ? ಆಪುಸ ನಿಲ್ಲುವ ಜಾಗದಲ್ಲಿ ನಾರುಮಾವು ನಿಂತರೆ ಅವನಿಗೆ ಹೊಟ್ಟೆ ಉರಿ. ಹೀಗಾಗಿ ಹನುಮಂತಪ್ಪನಂಥವರು ಕೇಳದೆಯೇ ಕಟ್ಟಿಬಿಡುತ್ತಿದ್ದರು. ಗಾಳಿ ಬರುವ ಪಡುವಣ ಅಂಚಿನಲ್ಲಿ, ಹತ್ತಕ್ಕೋ ಹದಿನೈದಕ್ಕೋ ಒಂದು. ಅದಕ್ಕೆ ಜೋಡಿ ಗಿಡ ಎಂದು ಹೆಸರು. ಹೇಳಿ ಕಟ್ಟಿದರೆ ಮಾಲೀಕ ಕಡಿಸುತ್ತಾನೆ. ಹೇಳದೆ ಕಟ್ಟಿದರೆ ಐದಾರು ವರ್ಷದ ಮೇಲೆ ಹೊರೆಗಟ್ಟಲೆ ಹಣ್ಣು ನೋಡಿ ಕಸಿಯವನ ಕೈಗುಣ ಎನ್ನುತ್ತಾನೆ.

ದ್ರಾಕ್ಷಿಗೆ ಜೋಡಿ ಬೇಕಿಲ್ಲ. ಆ ಬಳ್ಳಿಯ ಹೂವು ತನಗೆ ತಾನೇ ಸಾಕು. ನಲವತ್ತು ವರ್ಷ ಮಾವು ಕಟ್ಟಿದ ಮಹಾದೇವಕ್ಕನಿಗೆ ಇದು ಗೊತ್ತಿರಲಿಲ್ಲ, ಹೇಳಿದವರೂ ಇರಲಿಲ್ಲ.

ಕಸಿ ನಡೆದದ್ದು ಹಿಂದಿನ ವರ್ಷಕ್ಕೂ ಹಿಂದಿನ ಅಕ್ಟೋಬರಿನಲ್ಲಿ. ಮೊದಲೇ ನೆಟ್ಟು ಬೆಳೆಸಿದ ಕಾಡು ಬಳ್ಳಿಯ ತಲೆ ಹಾರಿಸಿ, ಬುಡವನ್ನು ಸೀಳಿ, ಕಂಪನಿ ಕಳಿಸಿದ ಬಿಳಿ ದ್ರಾಕ್ಷಿಯ ಎರಡು ಕಣ್ಣಿನ ಕಡ್ಡಿಯನ್ನು ಆ ಸೀಳಿನಲ್ಲಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಇದು ಇಬ್ಬರ ಕೆಲಸ. ಸೀಳುವವಳು ಮಹಾದೇವಕ್ಕ, ಕಡ್ಡಿ ಆರಿಸಿ ಕೊಡುವವಳು, ಪಟ್ಟಿ ಸುತ್ತುವವಳು ಗುಲ್ನಾರ. ಬಂಕಾಪುರದವಳೇ ಆದ ಗುಲ್ನಾರ ಮಹಾದೇವಕ್ಕನಿಗಿಂತ ಹದಿನಾರು ವರ್ಷ ಚಿಕ್ಕವಳು. ಹನ್ನೆರಡು ವರ್ಷದಿಂದ ಇಬ್ಬರೂ ಒಬ್ಬರ ಮೊಣಕಾಲಿಗೆ ಒಬ್ಬರ ಮೊಣಕಾಲು ತಾಗುವಂತೆ ಕೂತು ದುಡಿದವರು.

ಅದೇ ವಾರ ಮಹಾದೇವಕ್ಕ ಸವಣೂರಿನ ಕೃಷ್ಣಾಬಾಯಿಯವರ ಹಿತ್ತಲಿಗೆ ಒಂದು ಮಾವಿನ ಸಸಿ ಕಟ್ಟಲು ಹೋಗಿದ್ದಳು. ಅಲ್ಲಿ ಬಾವಿಯ ಮೇಲೆ ಹಬ್ಬಿದ ಹಳೆಯ ದ್ರಾಕ್ಷಿ ಬಳ್ಳಿಯನ್ನು ಆಳು ಕತ್ತರಿಸುತ್ತಿದ್ದ. ಹಣ್ಣು ಕರಿಯದು ಎಂದರು ಕೃಷ್ಣಾಬಾಯಿ. ಮಹಾದೇವಕ್ಕ ಒಂದಿಷ್ಟು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಉಡಿಯಲ್ಲಿ ಹಾಕಿಕೊಂಡು ಬಂದಳು. ಮರುದಿನ ಮಧ್ಯಾಹ್ನ ಗುಲ್ನಾರ ತನ್ನ ತಾಯಿ ರಮಜಾನಬಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಪಡುವಣ ಅಂಚಿನಲ್ಲಿ ಒಂಬತ್ತು ಬುಡ ಸೀಳಿ ತಾನೇ ಪಟ್ಟಿ ಸುತ್ತಿದಳು. ವೈನು ಎಂದರೆ ಹೇಗೂ ಕೆಂಪು ನೀರು ಎಂದು ಆಕೆ ತಿಳಿದಿದ್ದಳು. ಅದರಲ್ಲಿ ಬಿಳಿಯದೂ ಇರುತ್ತದೆ, ಅದಕ್ಕೆ ಕೆಂಪು ತಾಗಬಾರದು ಎಂಬುದು ಆಕೆಯ ಅರಿವಿನಲ್ಲೇ ಇರಲಿಲ್ಲ.

ಫೋನು ಬಂದ ದಿನವೇ ಆಕೆ ಹಾನಗಲ್ಲಿಗೆ ಬಂದು, ಬಸ್ಸು ಬದಲಿಸಿ, ಬಂಕಾಪುರದಲ್ಲಿ ಇಳಿದಳು. ನವಿಲುಗಳ ಕಾಟಕ್ಕೆ ತೋಟದ ಸುತ್ತ ಬಲೆ ಕಟ್ಟಿದ್ದರು. ಬಲೆ ಎತ್ತಿ ಒಳಗೆ ನುಸುಳಿ ಅಂಚಿನ ಸಾಲಿಗೆ ಬಂದವಳು ನಿಂತೇ ಇದ್ದಳು. ಸಣ್ಣ ಕಾಳು, ಒತ್ತಾದ ಗೊಂಚಲು, ಮೇಲೆ ಬೂದಿ ಸವರಿದಂಥ ಕಪ್ಪುಗೆಂಪು. ಎಲೆಗಳ ಅಂಚು ಕೂಡ ಕೆಂಪಾಗಿತ್ತು. ಕಸಿಯ ಗಂಟು ಹುಡುಕಿದರೂ ಕಾಣದಷ್ಟು ಕೂಡಿಕೊಂಡಿತ್ತು. ಮೊದಲು ಬಂದದ್ದು ಹೆಮ್ಮೆ. ಅದರ ಬೆನ್ನಿಗೇ ಗುಲ್ನಾರಳ ನೆನಪು.

ಪರಮೇಶ್ವರಪ್ಪನ ಜೊತೆ, ಫೋಟೋ ಹೊಡೆದುಕೊಂಡು ಹೋಗಿದ್ದ ಕಂಪನಿಯ ರಘುವೀರನೂ ಬಂದ. ತೋಟಗಳ ಮೇಲೆ ಕಣ್ಣಿಡುವುದು ಅವನ ಕೆಲಸ. ಒಂದು ಕಾಳು ಕಿತ್ತು ಬೆರಳಲ್ಲಿ ಹಿಚುಕಿ ಅಂಗೈ ಚಾಚಿದ. ಅಂಗೈ ಕುಂಕುಮದ ನೀರು ಬಿದ್ದಂತಾಯಿತು.

“ನೋಡ್ರಿ. ಕೆಂಪು ದ್ರಾಕ್ಷಿ ಬ್ಯಾರೆ ಯಾವುದ ಇರ್ಲಿ, ಬಣ್ಣ ಸಿಪ್ಪಿಯೊಳಗ ಇರ್ತದ, ರಸ ಬೆಳ್ಳಗ ಇರ್ತದ. ಇದರದು ರಸನ ಕೆಂಪದ. ಹತ್ತು ವರ್ಷ ಆತು ನಾ ತೋಟ ತಿರಗ್ಲಿಕ್ಕತ್ತು, ಇಂಥಾದ್ದು ಈ ಕಡೆ ನೋಡಿಲ್ಲ.”

“ಛಲೋದೇನ್ರಿ, ಕೆಟ್ಟದ್ದೇನ್ರಿ? ಅಷ್ಟ ಹೇಳ್ರಿ ನನಗ,” ಎಂದ ಪರಮೇಶ್ವರಪ್ಪ.

“ಬಿಳಿ ಲೋಡಿನೊಳಗ ಒಂದು ಕ್ರೇಟು ಬಿತ್ತಂದ್ರ ಕೆಟ್ಟದ್ದು. ಲೋಡಿಗೆ ಲೋಡು ವಾಪಸ್ ಬರ್ತದ. ಬ್ಯಾರೆ ಇಟ್ರ ಏನಾಗ್ತದೋ ಗೊತ್ತಿಲ್ಲ. ಮೊದಲು ಇದು ಎಲ್ಲಿಂದ ಬಂತು ಅಂತ ತಿಳೀಬೇಕು.”

“ಎಲ್ಲಿಂದ ಬರ್ತೈತ್ರಿ? ಗುಲ್ನಾರನ ಕೈಯಾಗಿಂದ ಬಂದೈತಿ. ಹಿರೇಕೆರೂರಿನ ನಮ್ಮ ಬೀಗರೂ ಆರು ಎಕರೆ ಹಚ್ಚ್ಯಾರ, ಬರೂ ಅಕ್ಟೋಬರಿಗೆ ಕಸಿ. ಆಕಿ ಕೈಗೆ ಕಡ್ಡಿ ಕೊಡಬ್ಯಾಡ್ರಿ ಅಂತ ಅವರಿಗೂ ಫೋನ್ ಮಾಡೇನಿ.”

ಮಹಾದೇವಕ್ಕ ಬಾಯಿ ತೆರೆದಳು. ನಾಲಿಗೆಯ ತುದಿಗೆ ಬಂದ ಮಾತು ಬೇರೆ, ಹೊರಬಿದ್ದ ಮಾತು ಬೇರೆ.

“ಈ ಸಾಲಿಗೆ ನೀರು ಜಾಸ್ತಿ ಆಗೈತ್ರಿ.”

ಹೇಳಿ ಹೊರಗೆ ಬಂದಳು. ಬಲೆಯ ದಾರ ಸೀರೆಗೆ ಸಿಕ್ಕಿ ಎಳೆಯಿತು. ಬಿಡಿಸಿಕೊಳ್ಳಲು ತಾಳ್ಮೆಯಿಲ್ಲದೆ ಜಗ್ಗಿ ಹರಿದುಕೊಂಡಳು.

ಗುಲ್ನಾರಳ ಮನೆ ಕೋಟೆಯ ಕಡೆಯ ಓಣಿಯಲ್ಲಿ. ಬಾಗಿಲಿನಿಂದಲೇ ಘಾಟು ಮೂಗಿಗೆ ಬಡಿಯಿತು. ದ್ರಾಕ್ಷಿ ತೋಟದ ಕೆಲಸ ಹೋದದ್ದೇ ತಡ, ಗುಲ್ನಾರ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಹಿಡಿದಿದ್ದಳು. ನಡುಮನೆಯಲ್ಲಿ ಕೆಂಪಗೆ ರಾಶಿ. ಆಕೆಯ ಬೆರಳ ತುದಿಗಳು ಉಬ್ಬಿದ್ದವು.

“ಬಾ ಅಕ್ಕಾ. ಮೂಗಿಗೆ ಸೆರಗು ಹಿಡಕೋ. ಕಣ್ಣಾಗ ನೀರು ಬಂದ್ರ ನನ್ನ ಸಲುವಾಗಿ ಅತ್ತಿ ಅಂತ ಓಣಿ ಮಂದಿ ತಿಳಕೊಂಡಾರು.”

ಮೂಲೆಯ ಮಂಚದಿಂದ ರಮಜಾನಬಿ ಕೇಳಿದಳು: “ಯಾರು, ಮಾದೇವಕ್ಕೇನು? ಚಾ ಇಡು.”

“ಇಡ್ತೇನಿ ಅಮ್ಮಾ. ಸಕ್ರಿ ಹಾಕೋದೋ ಬ್ಯಾಡೋ ಈಗ ನೋಡೂನು.” ಗುಲ್ನಾರ ಕೈ ಒರೆಸಿಕೊಂಡು ಎದುರು ಕೂತಳು. “ಎಷ್ಟು ಕಟ್ಟಿದ್ದಿ?”

ಮಹಾದೇವಕ್ಕ ನೆಲ ನೋಡಿದಳು. “ಒಂಬತ್ತು.”

“ಎರಡು ಹಿಡೀಲಿಲ್ಲ. ನಾ ಪಟ್ಟಿ ಸುತ್ತಿದ್ರ ಒಂಬತ್ತೂ ಹಿಡೀತಿದ್ವು.”

“ನಿನಗ ಯಾವಾಗ ಗೊತ್ತಾತು?”

“ಪಟ್ಟಿ ಬಿಚ್ಚೂವಾಗ. ಡಿಸೆಂಬರದಾಗ. ಮಂದಿ ಸುತ್ತಿದ ಪಟ್ಟಿ ಯಾವುದು, ನಾ ಸುತ್ತಿದ್ದು ಯಾವುದು ಅಂತ ನನಗ ಗೊತ್ತಾಗಂಗಿಲ್ಲೇನು? ಎಲಿನೂ ಬ್ಯಾರೆ ಇದ್ವು. ಅಕ್ಕ ಇಲ್ಲೂ ಜೋಡಿ ಗಿಡ ಮಾಡ್ಯಾಳ ಅಂತ ನಗಿ ಬಂತು. ಸುಮ್ಮನಾದೆ.”

“ಮತ್ತ ಸಾವ್ಕಾರಗ ಯಾಕ ಹೇಳಲಿಲ್ಲ?”

“ನಾ ಹೇಳಿದ್ರ ನಂಬ್ತಿದ್ನೇನು? ಮಾದೇವಕ್ಕನ ಚಾಕು ಅಂದ್ರ ದೇವ್ರು, ಗುಲ್ನಾರನ ಕೈ ಅಂದ್ರ ಬೆರಕಿ. ನೀನ ಹೇಳಬೇಕು.”

“ಹೇಳ್ತೇನಿ.”

“ಯಾವಾಗ?”

ಒಲೆಯ ಮೇಲೆ ಚಹಾ ಉಕ್ಕಿತು. ಗುಲ್ನಾರ ಎದ್ದು ಹೋಗಿ ಇಳಿಸಿ, ಅಲ್ಲಿಂದಲೇ ಬೆನ್ನು ತಿರುಗಿಸಿಕೊಂಡು ಹೇಳಿದಳು: “ನೀ ಹೇಳೂತನಕ ನಿನ್ನ ಮಗ್ಗಲಕ್ಕ ಕುಂದ್ರಂಗಿಲ್ಲ ಅಕ್ಕಾ. ಹಿರೇಕೆರೂರು ಹೋದ್ರ ಹೋಗ್ಲಿ. ಮೆಣಸಿನಕಾಯಿ ಎಲ್ಲಾ ಊರಾಗ ಅದಾವ.”

ಚಹಾದಲ್ಲಿ ಸಕ್ಕರೆ ಇತ್ತು. ಮಹಾದೇವಕ್ಕನಿಗೆ ಅದನ್ನು ಕುಡಿಯುವುದೇ ಕಷ್ಟವಾಯಿತು.

ಹೇಳಬೇಕಾದದ್ದು ಒಂದೇ ಮಾತು. ಅದಕ್ಕೆ ಐದು ವಾರ ಹಿಡಿಯಿತು. ತನ್ನ ಹೆಸರು ಕೆಡುತ್ತದೆ ಎಂಬುದೊಂದೇ ಭಯವಾಗಿರಲಿಲ್ಲ. ಕೇಳದೆ ಕಡ್ಡಿ ಕಟ್ಟುವವಳು ಎಂದು ಒಮ್ಮೆ ಗೊತ್ತಾದರೆ ಹಾನಗಲ್ಲಿನ ಒಬ್ಬೊಬ್ಬ ಮಾಲೀಕನೂ ತನ್ನ ಮಾವಿನ ತೋಟ ಸುತ್ತಿ ಬರುತ್ತಾನೆ. ಜೋಡಿ ಗಿಡಗಳನ್ನು ಎಣಿಸುತ್ತಾನೆ. ಎಣಿಸಿ ಕೊಡಲಿ ತರುತ್ತಾನೆ. ಅದರಲ್ಲಿ ಅಪ್ಪ ಕಟ್ಟಿದವೂ ಇದ್ದವು.

ಕೂತಲ್ಲಿ ಕೂರಲಾಗದೆ ಆಕೆ ಬಸ್ಸು ಹತ್ತುತ್ತಿದ್ದಳು. ಆಧಾರ್ ಕಾರ್ಡ್ ತೋರಿಸಿದರೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಒಂದು ಸಲ ಬಂಕಾಪುರದಲ್ಲಿ ಇಳಿದು, ತೋಟದ ದಾರಿ ಅರ್ಧ ನಡೆದು ಹಿಂದಿರುಗಿದಳು. ಇನ್ನೊಂದು ಸಲ ಪರಮೇಶ್ವರಪ್ಪ ಎದುರಿಗೇ ಸಿಕ್ಕಾಗ ಅವನ ಎಮ್ಮೆಯ ಆರೋಗ್ಯ ಕೇಳಿ ಬಂದಳು. ಮತ್ತೊಮ್ಮೆ ಹಾನಗಲ್ಲಿನ ಬಸ್ಸು ಬಿಟ್ಟು ಅಕ್ಕಿಆಲೂರಿನ ಸಂತೆಗೆ ಹೋಗಿ, ಮನೆಯಲ್ಲಿ ಮೂರು ಕಸಬರಿಗೆ ಇದ್ದರೂ ನಾಲ್ಕನೆಯದನ್ನು ಕೊಂಡು ತಂದಳು. ದಿನವೂ ನೋಡುತ್ತಿದ್ದ ಕಂಡಕ್ಟರ್ ಸುಮ್ಮನಿರಲಿಲ್ಲ.

“ಏನವ್ವಾ, ಬಸ್ಸು ಬಿಟ್ಟಿ ಐತಿ ಅಂತ ದಿನಾ ಬಂಕಾಪುರ ನೋಡಾಕ ಹೊಂಟಿಯೇನು?”

“ನವಿಲು ನೋಡಾಕ ಹೊಂಟೇನಪಾ.”

“ಕಂಡ್ವೇನು?”

“ಅವು ಕಾಣ್ತಾವ. ನನಗ ಮಾತಾಡ್ಸಾಕ ಧೈರ್ಯ ಸಾಲವಲ್ತು.”

ಮನೆಯಲ್ಲಿದ್ದ ದಿನ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಬೆಳಿಗ್ಗೆ ಚಾಕು ಹಿಡಿದು ಹಿತ್ತಲಿಗೆ ಹೋದವಳು ಕರಿಬೇವಿನ ಗಿಡದ ಟೊಂಗೆಗಳನ್ನೆಲ್ಲ ಸವರಿ ಮೊಳಕಾಲೆತ್ತರದ ಕೊರಡು ಉಳಿಸಿದಳು. ಮಗಳು ಸುಧಾರಾಣಿ ಒಗ್ಗರಣೆಗೆ ಎಲೆ ಕೀಳಲು ಬಂದು ದಂಗಾದಳು.

“ಅವ್ವ, ಪಾಪ ಇದೇನು ತಪ್ಪು ಮಾಡೈತಿ?”

“ಚಿಗೀತೈತಿ ಬಿಡು.”

“ಸಂಕ್ರಾಂತಿಯಿಂದ ನೋಡಾಕತ್ತೇನಿ, ನೆಲಕ್ಕ ಕಾಲು ಹತ್ತವಲ್ವು ನಿನಗ. ಯಾರಿಗೇನು ಹೇಳೋದೈತಿ, ಹೇಳಿ ಬಾ ಹೋಗು. ಇಲ್ಲಂದ್ರ ನಾಳೆ ತೆಂಗಿನ ಗಿಡ ಕಡಿತಿ ನೀನು.”

ಫೆಬ್ರುವರಿಯ ಮೂರನೆಯ ವಾರ ದ್ರಾಕ್ಷಿ ಕೊಯ್ಲು. ಮಹಾದೇವಕ್ಕ ಮೊದಲ ಬಸ್ಸಿಗೆ ಹೊರಟು ತೋಟ ಮುಟ್ಟಿದಾಗ ಸಾಲುಗಳ ಮಧ್ಯೆ ಹೆಣ್ಣಾಳುಗಳು ಕತ್ತರಿ ಆಡಿಸುತ್ತಿದ್ದರು. ಕೆಂಪು ಗೊಂಚಲುಗಳನ್ನು ಮೊದಲೇ ಬೇರೆ ಮಾಡಿ ಎರಡು ಕ್ರೇಟಿನಲ್ಲಿ ಇಟ್ಟಿದ್ದರು. ಬಿಳಿಯದಕ್ಕೆ ಕೆಂಪು ತಾಗದಂತೆ ರಘುವೀರ ಸ್ವತಃ ನಿಂತು ನೋಡುತ್ತಿದ್ದ. ಪರಮೇಶ್ವರಪ್ಪ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಆಕೆ ನಮಸ್ಕಾರವನ್ನೂ ಹೇಳಲಿಲ್ಲ. ಹೇಳಿದರೆ ಮತ್ತೆ ಎಮ್ಮೆಯ ಮಾತು ಬರುತ್ತದೆ ಎಂಬ ಹೆದರಿಕೆ.

“ಆ ಏಳೂ ಬಳ್ಳಿ ನಾ ಕಟ್ಟೇನ್ರಿ. ಗುಲ್ನಾರಂದು ಏನೂ ತಪ್ಪಿಲ್ಲ. ಆಕಿ ಅವತ್ತು ಇರಲೇ ಇಲ್ಲ. ತಿಳದು ತಿಳದು ನಾನ ಕಟ್ಟೇನಿ.”

ಪರಮೇಶ್ವರಪ್ಪ ಅಡಿಕೆ ಬಾಯಿಗೆ ಹಾಕಿಕೊಂಡು ನಕ್ಕ. “ಗುಲ್ನಾರ ಅಳಕೋತ ಬಂದಿದ್ಲೇನು ನಿಮ್ಮನಿಗೆ?”

“ಆಕಿ ಅಳಾಕಿ ಅಲ್ರಿ.”

“ನೋಡ್ರಿ ರಘುವೀರ, ಮನುಷ್ಯಾರು ಹೆಂಗಿರ್ತಾರ. ಜ್ವಾಡಿ ದುಡಿಯಾಕಿನ ಉಳಸಾಕ ತನ್ನ ಹೆಸರು ಕೆಡಿಸ್ಕೊಳ್ಳಾಕತ್ಯಾಳ.” ಆಕೆಯ ಕಡೆ ತಿರುಗಿ ಸಮಾಧಾನದ ದನಿಯಲ್ಲಿ ಹೇಳಿದ: “ಹೋಗಬೇ, ಕುಂತು ಚಾ ಕುಡಿ. ನಿನ್ನ ಕಡಿಂದ ತಪ್ಪಾಗಂಗಿಲ್ಲ ಅಂತ ನನಗ ಗೊತ್ತೈತಿ.”

“ತಪ್ಪಾಗಿಲ್ರಿ. ನಾನ ಮಾಡೇನಿ ಅಂತ ಹೇಳಾಕತ್ತೇನಿ.”

ಕತ್ತರಿ ಆಡಿಸುತ್ತಿದ್ದ ಹೆಣ್ಣಾಳುಗಳಲ್ಲಿ ಒಬ್ಬಳು, “ಭಾಳ ದೊಡ್ಡ ಮನಸು ಮಾದೇವಕ್ಕಂದು,” ಎಂದಳು. ಉಳಿದವರು ಹೌದೆಂದರು. ಐದು ವಾರ ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದವಳಿಗೆ ಹೊಗಳಿಕೆಯನ್ನು ಎದುರಿಸುವುದು ಹೇಗೆಂದು ತಿಳಿಯಲಿಲ್ಲ. ಗುಲ್ನಾರಳ ಹೆಸರು ಬಿದ್ದ ಕಡೆಯೇ ಬಿದ್ದಿತ್ತು. ತನ್ನದು ಒಂದು ಮೆಟ್ಟಿಲು ಮೇಲೇರಿತ್ತು.

ಆಕೆಗೆ ಸಿಟ್ಟು ಬಂತು. “ಸವಣೂರಿಗೆ ನಡೀರಿ,” ಎಂದಳು. “ಕಡ್ಡಿ ತಂದ ಬಳ್ಳಿ ತೋರಸ್ತೇನಿ. ಕೃಷ್ಣಾಬಾಯಾರ ಹಿತ್ತಲದಾಗ ಐತಿ.”

ಪರಮೇಶ್ವರಪ್ಪನಿಗೆ ಮನಸ್ಸಿರಲಿಲ್ಲ. ಎದ್ದವನು ರಘುವೀರ. ಒಂದು ತಿಂಗಳಿಂದ ಆ ಬಳ್ಳಿಯ ಮೂಲ ಹುಡುಕಿ ಸಾಕಾಗಿದ್ದ ಅವನು, “ಲೋಡು ತುಂಬಲಿಕ್ಕೆ ಇನ್ನೂ ಮೂರು ತಾಸು ಅದ, ಹೋಗಿ ಬರೋಣ ಬರ್ರಿ,” ಎಂದು ಜೀಪಿನ ಬಾಗಿಲು ತೆಗೆದ. ಪರಮೇಶ್ವರಪ್ಪನೂ ಗೊಣಗುತ್ತ ಹತ್ತಿದ. ದಾರಿಯುದ್ದಕ್ಕೂ ಮಹಾದೇವಕ್ಕ ಮುಂದಿನ ಸೀಟಿನ ಕಂಬಿ ಹಿಡಿದು ತುದಿಯಲ್ಲೇ ಕೂತಿದ್ದಳು.

ಕೃಷ್ಣಾಬಾಯಿಗೆ ಎಂಬತ್ತರ ಹತ್ತಿರ. ಮನೆಯ ಮುಂದಿನ ಕೋಣೆಯಲ್ಲಿ ಮಗನ ವಕೀಲಿ ಆಫೀಸು. ಬಂದವರು ಕಕ್ಷಿದಾರರೆಂದು ತಿಳಿದು ಕುರ್ಚಿ ತೋರಿಸಿದರು. ವಿಷಯ ಕೇಳಿ ಹಣೆ ಚಚ್ಚಿಕೊಂಡರು.

“ಆ ಬಳ್ಳಿ? ಅದನ್ನ ಹೋದ ವರ್ಷ ಬುಡಕ್ಕ ಕಡಿಸಿಬಿಟ್ವೆಲ್ಲವಾ! ಎಲಿ ಬಿದ್ದು ಬಿದ್ದು ಬಾವಿ ನೀರು ನಾರ್ಲಿಕ್ಕೆ ಹತ್ತಿತ್ತು.”

ಪರಮೇಶ್ವರಪ್ಪ ರಘುವೀರನ ಮುಖ ನೋಡಿದ. ಮಹಾದೇವಕ್ಕ ಯಾರನ್ನೂ ಕೇಳದೆ ಒಳಗಿನಿಂದ ಹಿತ್ತಲಿಗೆ ನಡೆದುಬಿಟ್ಟಳು. ಬಾವಿಯ ಪಕ್ಕದಲ್ಲಿ ತೊಡೆಗಾತ್ರದ ಕೊರಡು. ಮೇಲೆ ಏನೂ ಇರಲಿಲ್ಲ. ಮೊಣಕಾಲೂರಿ, ಒಗೆಯುವ ಕಲ್ಲಿನ ಹಿಂದೆ ಬಗ್ಗಿ ನೋಡಿದಳು. ಬುಡದಿಂದ ಎರಡು ಚಿಗುರು ಹೊರಟು ಗೋಡೆಯ ಸಂದಿಯಲ್ಲಿ ಹರಿದಿದ್ದವು. ಒಂದು ಎಲೆ ಕಿತ್ತು, ಹಿಂದೆಯೇ ಬಂದ ರಘುವೀರನ ಕೈಗೆ ಕೊಟ್ಟಳು.

ಅವನು ಎಲೆಯನ್ನು ತಿರುಗಿಸಿ ನೋಡಿದ. ಅಂಚು ಕೆಂಪು, ಬೆನ್ನಿನ ಮೇಲೆ ಹತ್ತಿಯಂಥ ಬಿಳಿ ನವಿರು. ಜೇಬಿನಿಂದ ತೋಟದ ಎಲೆ ತೆಗೆದು ಪಕ್ಕದಲ್ಲಿ ಹಿಡಿದ. ಆಮೇಲೆ ಎರಡನ್ನೂ ಪರಮೇಶ್ವರಪ್ಪನಿಗೆ ದಾಟಿಸಿದ.

ಕೃಷ್ಣಾಬಾಯಿ ಬಾಗಿಲಲ್ಲಿ ನಿಂತು ಹೇಳುತ್ತಲೇ ಇದ್ದರು: “ಮಸಿ ದ್ರಾಕ್ಷಿ ಅಂತಿದ್ವಿ ನಾವು. ತಿಂದ್ರ ಹಲ್ಲು ಕೆಂಪಗಾಗ್ತಿದ್ವು. ಹುಡುಗ್ರು ಅದರ ರಸ ಹಿಂಡಿ ಪಾಟಿ ಮ್ಯಾಲೆ ಬರೀತಿದ್ರು. ನಮ್ಮ ಮಾವನವರು ಎಲ್ಲಿಂದಲೋ ತಂದು ಹಚ್ಚಿದ್ದು. ಎಲ್ಲಿಂದ ಅಂತ ನಾ ಕೇಳಲಿಲ್ಲ, ಆಗಿನ ಕಾಲದಾಗ ಸೊಸಿ ಮಾವನ್ನ ಏನು ಕೇಳ್ತಾಳ? ಈಕಿ ಕಡ್ಡಿ ಒಯ್ದದ್ದು ಖರೇ. ಉಡಿಯೊಳಗ ಹಾಕ್ಕೊಂಡು ಹೋದ್ಲು. ನಾ ನಕ್ಕಿದ್ದೆ, ಇದೇನವಾ, ಬಸರಿಗೆ ಉಡಿ ತುಂಬಿದಂಗ ಆತಲ್ಲ ಅಂತ.”

ಪರಮೇಶ್ವರಪ್ಪ ಎರಡೂ ಎಲೆಗಳನ್ನು ಬೆರಳಲ್ಲಿ ಉಜ್ಜಿ ನೋಡಿದ. ಕೊನೆಗೆ ಕೇಳಿದ್ದು ಮಹಾದೇವಕ್ಕ ಹೆದರಿದ್ದ ಪ್ರಶ್ನೆಯನ್ನೇ.

“ಹಿಂಗ ಎಷ್ಟು ತ್ವಾಟದಾಗ ಮಾಡೀ?”

“ಮಾವಿನ ತ್ವಾಟದಾಗ ಮಾಡೇನ್ರಿ. ಅಲ್ಲಿ ಅದು ಬೇಕ್ರಿ. ಇಲ್ಲಿ ಬ್ಯಾಡಾಗಿತ್ತು, ನನಗ ತಿಳೀಲಿಲ್ಲ.”

“ಹಾನಗಲ್ಲದಾಗಿನ ನಮ್ಮ ಮಾವಿನ ತ್ವಾಟದಾಗ?”

“ನಾಕು ಅದಾವ್ರಿ. ನಮ್ಮಪ್ಪ ಕಟ್ಟಿದ್ದು.”

ಪರಮೇಶ್ವರಪ್ಪನ ಆ ತೋಟದ ಆಪುಸ ಎಂದರೆ ಊರೆಲ್ಲ ಹೆಸರು. ಅವನು ಎಲೆಗಳನ್ನು ಕೆಳಗೆ ಹಾಕಿದ. ರಘುವೀರ ಅವನ್ನು ಹೆಕ್ಕಿಕೊಂಡ.

“ಆ ನಾಕು ಇರ್ಲಿ,” ಎಂದ ಪರಮೇಶ್ವರಪ್ಪ. “ಆದ್ರ ನನ್ನ ಕೇಳದ ನನ್ನ ಮಣ್ಣಾಗ ಕಡ್ಡಿ ಊರಿದಾಕಿ ನೀನು. ಇನ್ನ ಮ್ಯಾಲೆ ನಿನ್ನ ಕೈಗೆ ಕಡ್ಡಿನೂ ಇಲ್ಲ, ಚಾಕೂನೂ ಇಲ್ಲ. ಹಿರೇಕೆರೂರಿಗೂ ಇದನ್ನ ಹೇಳ್ತೇನಿ.”

“ಹೇಳ್ರಿ. ಗುಲ್ನಾರಂದೂ ಹೇಳ್ರಿ. ನೀವ ಆಕಿಗೆ ಹೇಳ್ಬೇಕು, ನನ್ನ ಬಾಯಿಲೆ ಅಲ್ಲ.”

ಅವನು ಗುಲ್ನಾರಳ ಮನೆಗೆ ಹೋಗಲಿಲ್ಲ. ಜೀಪಿನಲ್ಲಿ ಕೂತೇ ಫೋನು ಮಾಡಿದ. ತಿಳಿಯದೆ ಮಾತು ಆಡಿದೆ, ನಾಳೆಯಿಂದ ಕೆಲಸಕ್ಕೆ ಬಾ ಎಂದ. ಅತ್ತಲಿಂದ ಗುಲ್ನಾರಳ ದನಿ ಜೀಪಿನಲ್ಲಿದ್ದವರಿಗೆಲ್ಲ ಕೇಳಿಸಿತು: “ಮೆಣಸಿನಕಾಯಿ ಇನ್ನೂ ನಾಕು ಚೀಲ ಅದಾವ್ರಿ ಸಾವ್ಕಾರ್ರ. ಹಿಡಿದ ಕೆಲಸ ಮುಗಿಸಿ ಬರ್ತೇನಿ.”

ಎರಡು ಕ್ರೇಟು ಕೆಂಪು ದ್ರಾಕ್ಷಿ ಕಂಪನಿಗೆ ಹೋಯಿತು. ಅಲ್ಲಿ ವೈನು ಮಾಡುವ ಪದ್ಮಜಾ ಅದನ್ನು ಒಂದು ಸಣ್ಣ ಡ್ರಮ್ಮಿನಲ್ಲಿ ಬೇರೆಯೇ ಇಟ್ಟರು. ಬಣ್ಣ ಬೇಕಾದಷ್ಟಿದೆ, ರುಚಿಯ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದು ಬರೆದು ಕಳಿಸಿದರು. ಅದು ಯಾವ ಜಾತಿ ಎಂದು ಇದುವರೆಗೆ ಯಾರಿಗೂ ತಿಳಿದಿಲ್ಲ. ರಘುವೀರ ಒತ್ತಾಯ ಮಾಡಿದ್ದರಿಂದ ಏಳು ಬಳ್ಳಿಗಳೂ ನಿಂತಿವೆ. ಕಾಗದಪತ್ರದಲ್ಲಿ ಅವಕ್ಕೆ ಹೆಸರಿಲ್ಲ, ಸಾಲಿನ ನಂಬರಿದೆ.

ಮಳೆಗಾಲದಲ್ಲಿ ಮಹಾದೇವಕ್ಕನಿಗೆ ಹಾನಗಲ್ಲಿನಿಂದ ಮೊದಲಿನಷ್ಟು ಕರೆ ಬರಲಿಲ್ಲ. ಇಬ್ಬರು ಮಾಲೀಕರು ತಮ್ಮ ತೋಟದ ಜೋಡಿ ಗಿಡ ತೋರಿಸು ಎಂದು ಕರೆಸಿದರು. ಒಬ್ಬ ಕಡಿಸಿದ, ಒಬ್ಬ ಬಿಟ್ಟ. ಕಡಿಸಿದವನ ತೋಟದಿಂದ ಆಕೆ ಹಿಂದಕ್ಕೆ ನೋಡದೆ ನಡೆದು ಬಂದಳು, ಬಸ್ಸಿಗೂ ಕಾಯಲಿಲ್ಲ.

ಅಕ್ಟೋಬರಿನಲ್ಲಿ ಹಿರೇಕೆರೂರಿನ ಆರು ಎಕರೆಗೆ ಕಸಿ ಶುರುವಾಯಿತು. ಕೆಲಸ ಒಪ್ಪಿಕೊಂಡವಳು ಗುಲ್ನಾರ. ಪಟ್ಟಿ ಸುತ್ತಲು ಯಾರು ಎಂದು ಮಾಲೀಕ ಕೇಳಿದಾಗ ಮಹಾದೇವಕ್ಕನ ಹೆಸರು ಹೇಳಿದಳು. ಆತ ಒಂದು ದಿನ ಯೋಚಿಸಿ ಒಪ್ಪಿದ, ಷರತ್ತು ಹಾಕಿ: ಚಾಕು, ಕಡ್ಡಿ ಎರಡೂ ಗುಲ್ನಾರಳ ಕೈಯಲ್ಲಿ, ಮಹಾದೇವಕ್ಕ ಪಟ್ಟಿ ಬಿಟ್ಟು ಬೇರೇನನ್ನೂ ಮುಟ್ಟಕೂಡದು.

ಮೊದಲ ದಿನ ಬೆಳಿಗ್ಗೆ ಇಬ್ಬರೂ ಮೊದಲ ಬುಡದ ಮುಂದೆ ಕೂತರು. ಗುಲ್ನಾರ ಚಾಕು ಹಿಡಿದು ಸೀಳಿದಳು. ಹನ್ನೆರಡು ವರ್ಷ ಪಕ್ಕದಲ್ಲಿ ಕೂತು ನೋಡಿದ ಕೈ, ಆದರೂ ಮೊದಲ ಸೀಳು ಮೊದಲ ಸೀಳೇ. ಅದರ ಆಳ ಕಡಿಮೆ ಬಿದ್ದದ್ದನ್ನು ಮಹಾದೇವಕ್ಕ ಚಾಕು ಇಳಿಯುವಾಗಲೇ ಕಂಡಳು. ಕೈ ಎದ್ದಿತು. ಎದ್ದ ಕೈಯನ್ನು ಮೊಣಕಾಲಿನ ಕೆಳಗೆ ಒತ್ತಿ ಹಿಡಿದು ಪಟ್ಟಿಯ ಉರುಳೆಯನ್ನು ನೋಡುತ್ತ ಕೂತಳು. ಕಡ್ಡಿ ಸೀಳಿನಲ್ಲಿ ಅಲುಗಾಡುತ್ತಿತ್ತು.

ಗುಲ್ನಾರ ಎರಡು ಸಲ ಒತ್ತಿ ನೋಡಿದಳು. ಆಮೇಲೆ ತಲೆ ಎತ್ತದೆ ಹೇಳಿದಳು:

“ಮುಟ್ಟಬ್ಯಾಡ ಅಂದಾರ ಅಕ್ಕಾ. ಮಾತಾಡಬ್ಯಾಡ ಅಂದಿಲ್ಲ.”

“ಇನ್ನೊಂದು ಕೂದಲೆಳಿ ಆಳ ಹೋಗ್ಬೇಕು. ಚಾಕು ಒತ್ತಬ್ಯಾಡ, ಅಲಗಾಡ್ಸು. ಅದ ಇಳೀತೈತಿ.”

ಗುಲ್ನಾರ ಕಡ್ಡಿ ಹೊರತೆಗೆದು ಚಾಕುವನ್ನು ಅಲುಗಿಸಿದಳು. ಈ ಸಲ ಕಡ್ಡಿ ಒಳಗೆ ಕೂತಿತು. ಮಹಾದೇವಕ್ಕ ಪಟ್ಟಿ ಹರಿದುಕೊಂಡು ಕೆಳಗಿನಿಂದ ಮೇಲಕ್ಕೆ ಸುತ್ತತೊಡಗಿದಳು.

“ಬಿಗಿ ಸುತ್ತು,” ಎಂದಳು ಗುಲ್ನಾರ. “ನಿನ್ನ ಸುತ್ತು ನೋಡೇನಿ ನಾನು. ಒಂಬತ್ತರಾಗ ಎರಡು ಸಾಯ್ತಾವ.”